ಕೆನಡಾದಲ್ಲಿ ಪಂಜಾಬಿ ಉಳಿದದ್ದು ಗುರುದ್ವಾರದಿಂದಲೇ?

ತುಂಗಾತೀರ: ಕೆನಡಾದ ಪಂಜಾಬಿಗಳು ನೂರು ವರ್ಷ ಕಳೆದ್ರೂ ಭಾಷೆ ಬಿಟ್ಟಿಲ್ಲ. ಕಾರಣ ಗುರುದ್ವಾರ ಅನ್ನೋದು ನನ್ನ ವಾದ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಅಬ್ಬೋಟ್ಸ್‌ಫರ್ಡ್‌ನದ್ದನ್ನೇ ನೋಡಿ, 1911ರದ್ದು. ಮರದ ಮಿಲ್ಲಿನ ಕೂಲಿಗಳೇ ಹಲಗೆಗಳನ್ನ ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿಸಿ ಕಟ್ಟಿದ್ದು. ಮುಂದಿನಿಂದ ಆ ಕಾಲದ ಅಂಗಡಿ ಥರ ಕಾಣುತ್ತೆ. ಮೇಲೆ ಪ್ರಾರ್ಥನೆ, ಕೆಳಗೆ ಲಂಗರ್, ಅಂದ್ರೆ ಬಂದವರಿಗೆಲ್ಲ ಊಟ ಹಾಕೋ ಜಾಗ. ಕೂತು ಮಾತಾಡೋಕೆ ಜಾಗ ಇದ್ರೆ ಭಾಷೆ ತಾನಾಗೇ ಉಳಿಯುತ್ತೆ.

ಕಡತದಹುಳು: ಕಟ್ಟಡದ ಮಾತು ಸರಿ, ನೂರು ವರ್ಷದ ಲೆಕ್ಕ ಸರಿಯಿಲ್ಲ. 1908ರ ನಿಯಮದ ಪ್ರಕಾರ ಸ್ವದೇಶದಿಂದ ನಡುವೆ ಎಲ್ಲೂ ಇಳಿಯದೆ ನೇರ ಬಂದವರಿಗಷ್ಟೇ ಪ್ರವೇಶ. ಭಾರತದಿಂದ ಅಂಥ ಹಡಗೇ ಇರಲಿಲ್ಲ, ನಿಯಮ ಮಾಡಿದ್ದೇ ಅದಕ್ಕೆ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಬಂದ 376 ಜನರಲ್ಲಿ ಬಹುಪಾಲು ಮಂದಿಯನ್ನ ಹಿಂದಕ್ಕೆ ಕಳಿಸಿದ್ರು. ಹೆಂಡತಿ ಮಕ್ಕಳನ್ನ ಕರೆಸಿಕೊಳ್ಳೋಕೆ ಒಪ್ಪಿಗೆ ಸಿಕ್ಕಿದ್ದು 1919ರಲ್ಲಿ, ಮತ ಹಾಕೋ ಹಕ್ಕು 1947ರಲ್ಲಿ. ಮೊದಲ ಗುರುದ್ವಾರಗಳಲ್ಲಿ ಇದ್ದೋರು ಹೆಚ್ಚಾಗಿ ಒಂಟಿ ಗಂಡಸರು. ಭಾಷೆ ದಾಟಿಸೋಕೆ ಮಕ್ಕಳೆಲ್ಲಿ? ದೊಡ್ಡ ಸಂಖ್ಯೆಯಲ್ಲಿ ಬಂದಿದ್ದು 1967ರಲ್ಲಿ ವಿದ್ಯೆ, ಕೆಲಸ ನೋಡಿ ವಲಸಿಗರನ್ನ ಆರಿಸೋ ಅಂಕ ಪದ್ಧತಿ ಶುರುವಾದ ಮೇಲೆ. ಹೊಸ ನೀರು ಬರ್ತಾನೇ ಇರೋದಕ್ಕೆ ಕೆರೆ ತುಂಬಿದೆ, ಏರಿ ಕಟ್ಟಿದವರಿಗೇ ಪೂರ್ತಿ ಶ್ರೇಯ ಕೊಡಬೇಡಿ.

ಸೌಟು: ಲಂಗರಿನಲ್ಲಿ ಮಕ್ಕಳು ಬಡಿಸ್ತಾರೆ, ನಿಜ. ರೊಟ್ಟಿಗೆ "ಪರ್ಶಾದಾ", ನೀರಿಗೆ "ಜಲ್" ಅಂತ ಕೂಗ್ತಾ ಪಂಕ್ತಿ ಸುತ್ತುತ್ತಾರೆ. ಎರಡೂ ಕೈ ಚಾಚಿದವರಿಗೆ ರೊಟ್ಟಿ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಉಂಡವರಿಗೆ ಈ ಕ್ರಮ ಗೊತ್ತಿರುತ್ತೆ. ಆದ್ರೆ ಅಲ್ಲಿ ಕಲಿಯೋದು ಹತ್ತಿಪ್ಪತ್ತು ಪದ, ಭಾಷೆಯಲ್ಲ. ಇನ್ನು "ಕೂರೋ ಜಾಗ" ಅಂದ್ರಲ್ಲ, ಹೇಗೆ ಕೂರೋದು ಅನ್ನೋದಕ್ಕೇ ಜಗಳ ಆಗಿದೆ. ಬ್ರಿಟಿಷ್ ಕೊಲಂಬಿಯಾದ ಎಷ್ಟೋ ಗುರುದ್ವಾರಗಳಲ್ಲಿ ಊಟಕ್ಕೆ ಮೇಜು ಕುರ್ಚಿ ಇದ್ದವು. 1998ರಲ್ಲಿ ಸಿಖ್ಖರ ಅತ್ಯುನ್ನತ ಧರ್ಮಪೀಠ ಅಕಾಲ್ ತಖ್ತ್‌ನಿಂದ ನೆಲದ ಮೇಲೇ ಕೂರಬೇಕು ಅಂತ ಹುಕಂನಾಮಾ, ಅಂದ್ರೆ ಧರ್ಮಾದೇಶ, ಬಂತು, ಸಮುದಾಯ ಎರಡು ಹೋಳಾಯ್ತು.

ತುಂಗಾತೀರ: ಹಾಗಾದ್ರೆ ಭಾನುವಾರದ ಗುರುಮುಖಿ (ಪಂಜಾಬಿ ಬರೆಯೋ ಲಿಪಿ) ತರಗತಿಗಳು? ಅವೂ ಗುರುದ್ವಾರದವೇ ತಾನೆ?

ಲಿಪಿಕಾರ: ಎಡವೋದು ಅಲ್ಲೇ. ಪಂಜಾಬಿಯಲ್ಲಿ ಸ್ವರದ ಏರಿಳಿತಕ್ಕೆ ಅರ್ಥ ಬದಲಾಗುತ್ತೆ. ಮನೆಗೆ "ಘರ್" ಅಂತ ಬರೀತಾರೆ, ಬಾಯಲ್ಲಿ ಬರೋದು ತಗ್ಗಿದ ದನಿಯ "ಕರ್". "ಮಾಡು" ಅನ್ನೋದಕ್ಕೂ "ಕರ್", ಆದ್ರೆ ದನಿ ಸಮ. ಪದದ ಮೊದಲಿನ ಘ, ಝ, ಢ, ಧ, ಭ ಐದರದ್ದೂ ಇದೇ ಕಥೆ, ಅಣ್ಣ ತಮ್ಮಂದಿರಿಗೆ ಬರೆಯೋದು "ಭರಾ", ಅನ್ನೋದು "ಪ್ರಾ". ಕನ್ನಡದ ಮಹಾಪ್ರಾಣ ಅಂದ್ಕೊಂಡು ಓದಿದ್ರೆ ಕೆಟ್ಟಿತು. ಮನೆಯಲ್ಲಿ ಕೇಳಿ ಬೆಳೆದ ಮಗು ದನಿ ಸರಿಯಾಗಿ ಹೇಳುತ್ತೆ, ಕಾಗುಣಿತದಲ್ಲಿ ಮಾತ್ರ "ಘ" ಬದಲು "ಕ" ಬರೆಯುತ್ತೆ. ಬರೀ ತರಗತಿಯಲ್ಲಿ ಕಲಿತ ಮಗು ಗುರ್ಬಾಣಿ (ಸಿಖ್ ಧರ್ಮಗ್ರಂಥದ ವಚನ) ತಪ್ಪಿಲ್ಲದೆ ಓದುತ್ತೆ, ಅಜ್ಜಿ ಜೊತೆ ಎರಡು ವಾಕ್ಯ ಆಡೋಕೆ ತಡವರಿಸುತ್ತೆ.

ಕಡತದಹುಳು: ಲಾಹೋರಿನ ಕಡೆಯವರನ್ನ ಮರೀಬೇಡಿ. ಅವರೂ ಪಂಜಾಬಿಗಳೇ, ಬರೆಯೋದು ಶಾಹ್‌ಮುಖಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಗುರುಮುಖಿ ತರಗತಿಗೆ ಅವರ ಮಕ್ಕಳು ಯಾಕೆ ಬರ್ತಾರೆ?

ತುಂಗಾತೀರ: ಒಪ್ಪಿದೆ, ಅರ್ಧ. ಸರ್ಕಾರಿ ಶಾಲೆ?

ಲಿಪಿಕಾರ: ಬ್ರಿಟಿಷ್ ಕೊಲಂಬಿಯಾದಲ್ಲಿ 5ರಿಂದ 12ನೇ ತರಗತಿವರೆಗೆ ಪಂಜಾಬಿಗೆ ಪಠ್ಯಕ್ರಮ ಇದೆ, ಸರ್ರೆ, ಅಬ್ಬೋಟ್ಸ್‌ಫರ್ಡ್‌ನಲ್ಲಿ ಕಲಿಸ್ತಾರೆ. ಆದ್ರೆ ಶುರುವಾಗೋ ಹೊತ್ತಿಗೆ ಮಗುವಿಗೆ ಹತ್ತು ವರ್ಷ. ಅಷ್ಟರಲ್ಲಿ ಅಣ್ಣ ತಂಗಿ ತಮ್ಮತಮ್ಮಲ್ಲೇ ಇಂಗ್ಲಿಷ್ ಆಡೋಕೆ ಶುರು ಮಾಡಿರ್ತಾರೆ. ಅದನ್ನ ತಿರುಗಿಸೋದು ಮೇಷ್ಟ್ರ ಕೈಲಿ ಆಗಲ್ಲ.