ತಂಡವನ್ನು ನಾನು ಬಿಡಲೇ, ಕೋಚ್‌ನಿಂದ ಬಿಡಿಸಲೇ? (ಓದುಗರ ಸ್ಪಂದನ)

ಕಳೆದ ಸಂಚಿಕೆಯಲ್ಲಿ ‘ಬೇಸತ್ತ ಅಭಿಮಾನಿ’ ಎಂಬ ಹೆಸರಿನಲ್ಲಿ ಪ್ರಕಟವಾದ ಪತ್ರಕ್ಕೆ ನಾವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಉತ್ತರಗಳು ಬಂದಿವೆ. ಬಾಲ್ಯದಿಂದ ಬೆಂಬಲಿಸುತ್ತ ಬಂದ ಫುಟ್‌ಬಾಲ್ ತಂಡವು ಮುನ್ನಡೆ ಪಡೆದೂ ಕೊನೆಯ ಕಾಲು ಗಂಟೆಯಲ್ಲಿ ಗೋಲು ಬಿಟ್ಟುಕೊಡುತ್ತದೆ, ವೇಗವಿಲ್ಲದ ಸೆಂಟರ್ ಬ್ಯಾಕ್‌ಗಳನ್ನು (ಗೋಲಿನ ಮುಂದೆ ಮಧ್ಯದಲ್ಲಿ ಆಡುವ ಡಿಫೆಂಡರ್‌ಗಳನ್ನು) ಕೋಚ್ ಮಧ್ಯಗೆರೆಯ ಹತ್ತಿರ ನಿಲ್ಲಿಸುತ್ತಾರೆ, ಪ್ರತಿ ಸೋಲಿನ ನಂತರವೂ ‘ನಮ್ಮ ಶೈಲಿ ಬದಲಾಗದು’ ಎನ್ನುತ್ತಾರೆ ಎಂಬುದು ಅವರ ದೂರಾಗಿತ್ತು. ಸೋತ ರಾತ್ರಿ ಮನೆಯವರೊಂದಿಗೆ ಮಾತೇ ಬಿಡುವಂತಾಗಿದೆ ಎಂದೂ ಅವರು ಬರೆದಿದ್ದರು. ಕೋಚ್ ಮತ್ತು ಒಬ್ಬ ಡಿಫೆಂಡರ್ ಇಬ್ಬರನ್ನೂ ಕೈಬಿಡಬೇಕೆಂಬ ಅಭಿಮಾನಿಗಳ ಮನವಿಗೆ ಸಹಿ ಹಾಕಬೇಕೇ, ಇಲ್ಲವೇ ಪಂದ್ಯ ನೋಡುವುದನ್ನೇ ನಿಲ್ಲಿಸಬೇಕೇ ಎಂಬುದು ಅವರ ಪ್ರಶ್ನೆ. ಹೆಚ್ಚಿನ ಓದುಗರು ಕೋಚ್ ಬಗ್ಗೆಯೇ ಬರೆದಿದ್ದಾರೆ. ಡಿಫೆಂಡರ್ ಬಗ್ಗೆ ಬರೆದ ಕೆಲವರಲ್ಲಿ ಒಬ್ಬರ ಪತ್ರವನ್ನು ಮೊದಲು ಕೊಡುತ್ತಿದ್ದೇವೆ. ಉದ್ದವಾಗಿದ್ದರೂ ಅದನ್ನು ಮೊಟಕುಗೊಳಿಸಲು ಮನಸ್ಸಾಗಲಿಲ್ಲ.

ಮಾಜಿ ಸ್ಟಾಪರ್ (ಸೆಂಟರ್ ಬ್ಯಾಕ್) ಒಬ್ಬರ ಪತ್ರ

ಬೇಸತ್ತ ಅಭಿಮಾನಿಯವರಿಗೆ ನಮಸ್ಕಾರ. ಕೋಚ್ ಬಗ್ಗೆ ನೀವು ಬರೆದದ್ದನ್ನು ಸಮಾಧಾನದಿಂದಲೇ ಓದಿದೆ. ಆದರೆ ‘ಪ್ರತಿ ಗೋಲಿನ ಚಿತ್ರದಲ್ಲೂ ಬೆನ್ನು ತೋರಿಸಿ ಓಡುತ್ತಿರುವವನು ಅವನೊಬ್ಬನೇ’ ಎಂಬ ಸಾಲಿಗೆ ಬಂದಾಗ ಪತ್ರಿಕೆಯನ್ನು ಮಡಚಿಟ್ಟೆ. ಒಂದು ಕಾಲಕ್ಕೆ ಆ ಚಿತ್ರದಲ್ಲಿದ್ದವನು ನಾನು.

ನಮ್ಮದು ದೊಡ್ಡ ತಂಡವೇನಲ್ಲ. ಲೀಗ್‌ನ ಕೊನೆಯ ಪಂದ್ಯ, ಡ್ರಾ ಮಾಡಿಕೊಂಡರೂ ನಮಗೆ ಸಾಕಿತ್ತು, ಆಟ ಮುಗಿಯಲು ಕೆಲವೇ ನಿಮಿಷ ಉಳಿದಿದ್ದಾಗ ಸಮಬಲದಲ್ಲೇ ಇದ್ದೆವು. ಗೆದ್ದೇ ತೀರಬೇಕೆಂಬ ಹಟಕ್ಕೆ ಬಿದ್ದ ಕೋಚ್ ಗೆರೆಯಾಚೆ ನಿಂತು, ಎರಡೂ ಕೈಗಳಿಂದ ಗಾಳಿಯನ್ನು ತಳ್ಳುತ್ತ, ಮುಂದೆ ಹೋಗಿ ಎಂದು ಸನ್ನೆ ಮಾಡುತ್ತಿದ್ದರು. ಹಿಂಬದಿಯ ನಾಲ್ವರೂ ಮಧ್ಯಗೆರೆಯ ಸಮೀಪಕ್ಕೆ ಬಂದೆವು. ಅಷ್ಟರಲ್ಲಿ ನಮ್ಮ ಮಿಡ್‌ಫೀಲ್ಡರ್ ಅಡ್ಡಲಾಗಿ ಕೊಟ್ಟ ಪಾಸ್ ಎದುರಾಳಿಯ ಕಾಲಿಗೆ ಸಿಕ್ಕಿತು. ಅವನ ಮೇಲೆ ಎರಗಬೇಕಾದವರು ಯಾರೂ ಎರಗಲಿಲ್ಲ. ಅವನು ತಲೆಯೆತ್ತಿ, ನೋಡಿ, ಯಾವ ಅವಸರವೂ ಇಲ್ಲದೆ ಚೆಂಡನ್ನು ನಮ್ಮ ತಲೆಯ ಮೇಲಿಂದ ಕಳುಹಿಸಿದ. ನಾನು ಆಫ್‌ಸೈಡ್ ಎಂದು ಕೈಯೆತ್ತಿಕೊಂಡೇ ಹಿಂದಿರುಗಿ ಓಡತೊಡಗಿದೆ. ಚೆಂಡು ಹೊರಟಾಗ ಅವರ ಸ್ಟ್ರೈಕರ್ ನಮ್ಮ ಕೊನೆಯ ಡಿಫೆಂಡರ್‌ನನ್ನು ದಾಟಿ ನಿಂತಿದ್ದರೆ ಮಾತ್ರ ಅದು ಆಫ್‌ಸೈಡ್. ಆಚೆ ಬದಿಯ ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ನಮ್ಮೆಲ್ಲರಿಗಿಂತ ಎರಡು ಹೆಜ್ಜೆ ಹಿಂದೆ ಉಳಿದಿದ್ದುದರಿಂದ ಲೈನ್ಸ್‌ಮನ್‌ನ ಬಾವುಟ ಏಳಲಿಲ್ಲ. ಅಲ್ಲಿಂದ ಮುಂದೆ ಉಳಿದದ್ದು ಓಟ ಮಾತ್ರ, ಮತ್ತು ಓಟದಲ್ಲಿ ನಾನು ಆ ಸ್ಟ್ರೈಕರ್‌ಗೆ ಸಮನಲ್ಲ ಎಂಬುದು ನಮ್ಮ ಕೋಚ್‌ಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಡ್ರೆಸ್ಸಿಂಗ್ ರೂಮಿನಲ್ಲಿ ಅವರು ಎಲ್ಲರೆದುರು, ‘ಈತ ತಿರುಗುವಷ್ಟರಲ್ಲಿ ಲೀಗೇ ಮುಗಿದುಹೋಯಿತು’ ಎಂದರು. ನಕ್ಕವರಲ್ಲಿ ಪಾಸ್ ಕೈಚೆಲ್ಲಿದ ಮಿಡ್‌ಫೀಲ್ಡರನೂ ಇದ್ದ. ಮುಂದೆ ಎಷ್ಟೋ ವರ್ಷ, ಹಳೆಯ ಪರಿಚಯದವರು ಎದುರಾದರೆ ನನ್ನ ಕ್ಷೇಮ ಕೇಳುವ ಮೊದಲು ಆ ಗೋಲನ್ನು ನೆನಪಿಸುತ್ತಿದ್ದರು. ಫುಲ್ ಬ್ಯಾಕ್ ಎಲ್ಲಿ ನಿಂತಿದ್ದ, ಚೆಂಡು ಎಲ್ಲಿ ಕಳೆದುಹೋಯಿತು ಎಂದು ಇಂದಿನವರೆಗೆ ಒಬ್ಬರೂ ಕೇಳಿಲ್ಲ.

ನೀವು ಕೇಳಿದ್ದು ಸಹಿಯ ವಿಚಾರ. ನಾನು ಹೇಳುವುದು ಬೇರೆ. ಡಿಫೆನ್ಸ್ ಸಾಲು ಮುಂದೆ ನಿಲ್ಲುವುದೇ ತಪ್ಪಲ್ಲ. ಎದುರಾಳಿಯ ಕಾಲಲ್ಲಿ ಚೆಂಡಿರುವಾಗ ಅವನಿಗೆ ತಲೆಯೆತ್ತಲು ಬಿಡುವು ಕೊಡದಿದ್ದರೆ ಸಾಲು ಮುಂದಿರಬಹುದು, ಅವನಿಗೆ ಬಿಡುವು ಸಿಕ್ಕಿತೆಂದರೆ ಆ ಕ್ಷಣವೇ ಹಿಂದೆ ಸರಿಯಬೇಕು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಕಲಿಸದೆ ಮೊದಲನೆಯದನ್ನು ಮಾತ್ರ ಕಲಿಸುವ ಕೋಚ್ ತನ್ನ ಡಿಫೆಂಡರ್‌ಗಳನ್ನು ಬಲಿಗೆ ನಿಲ್ಲಿಸಿದಂತೆ. 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದ ಎಸಿ ಮಿಲಾನ್ ತಂಡದ ಸಾಲು ಬಹಳ ಮುಂದೆಯೇ ನಿಲ್ಲುತ್ತಿತ್ತು. ಅದರ ಕೋಚ್ ಅರಿಗೊ ಸಾಕಿ ಸ್ವತಃ ವೃತ್ತಿಪರ ಫುಟ್‌ಬಾಲ್ ಆಡಿದವರಲ್ಲ, ಆದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವಿನ ಅಂತರ ಸುಮಾರು 25 ಮೀಟರ್ ಮೀರಬಾರದೆಂದು ಹಟ ಹಿಡಿದು, ಚೆಂಡೇ ಇಲ್ಲದೆ ಇಡೀ ತಂಡವನ್ನು ಒಟ್ಟಿಗೆ ಸರಿಯುವಂತೆ ಅಭ್ಯಾಸ ಮಾಡಿಸುತ್ತಿದ್ದರು. ಬರೇಸಿ, ಮಾಲ್ದೀನಿ ಅವರಂಥ ಹೆಸರಾಂತ ಡಿಫೆಂಡರ್‌ಗಳೂ ಆ ಅಭ್ಯಾಸದಿಂದ ತಪ್ಪಿಸಿಕೊಳ್ಳಲಿಲ್ಲ. ಅಲ್ಲಿ ಗೋಲು ಬಿದ್ದರೆ ಅದು ಸ್ಟ್ರೈಕರ್‌ನಿಂದ ಹಿಡಿದು ಎಲ್ಲರ ಲೆಕ್ಕಕ್ಕೂ ಸೇರುತ್ತಿತ್ತು.

2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ 1–7ರಿಂದ ಜರ್ಮನಿಗೆ ಸೋತದ್ದನ್ನು ನೀವೂ ನೋಡಿರುತ್ತೀರಿ. ಹಳದಿ ಕಾರ್ಡ್‌ಗಳ ಕಾರಣ ನಾಯಕ ಥಿಯಾಗೊ ಸಿಲ್ವಾ ಆಡಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. 23ರಿಂದ 29ನೇ ನಿಮಿಷದ ನಡುವೆ ಬಿದ್ದ ನಾಲ್ಕು ಗೋಲುಗಳನ್ನು ಇನ್ನೊಮ್ಮೆ ನೋಡಿ. ಅವುಗಳಲ್ಲಿ ಒಂದು, ಬ್ರೆಜಿಲ್‌ನ ಮಿಡ್‌ಫೀಲ್ಡರ್ ತನ್ನದೇ ಪೆನಾಲ್ಟಿ ಆವರಣದ ಹೊರಗೆ ಚೆಂಡು ಕಳೆದುಕೊಂಡದ್ದರಿಂದಲೇ ಬಂದದ್ದು. ಆದರೂ ಜನ ಬೈದದ್ದು ಹೆಚ್ಚಾಗಿ ಹಿಂದೆ ನಿಂತವರನ್ನು. ನಿಮ್ಮ ತಂಡದ ಗೋಲುಗಳನ್ನೂ ಹೀಗೆಯೇ, ಚೆಂಡು ಬಲೆಗೆ ಸೇರುವುದಕ್ಕಿಂತ ಹತ್ತು ಸೆಕೆಂಡ್ ಹಿಂದಿನಿಂದ ನೋಡಿ. ಕೋಚ್ ಮೇಲಿನ ನಿಮ್ಮ ಸಿಟ್ಟು ಆಗ ಹೆಚ್ಚಾದರೂ ಆಗಬಹುದು, ಅದಕ್ಕೆ ನನ್ನ ಅಡ್ಡಿಯಿಲ್ಲ. ಆ ಹುಡುಗನ ಹೆಸರನ್ನು ಮಾತ್ರ ಮನವಿಯಿಂದ ಹೊಡೆದುಹಾಕಿಸಿ.

*ಮನವಿಯಲ್ಲಿರುವ ಅದೇ ಡಿಫೆಂಡರ್ ಕುರಿತು ಬಂದ ಇನ್ನೊಂದು ಪತ್ರ ಬಹಳ ಚಿಕ್ಕದು.*

ಹೆಸರು ಬೇಡವೆಂದ ಓದುಗರು

1994ರ ವಿಶ್ವಕಪ್‌ನಲ್ಲಿ ಅಮೆರಿಕದ ವಿರುದ್ಧ ತಮ್ಮದೇ ಬಲೆಗೆ ಚೆಂಡು ಸೇರಿಸಿ ಉಡುಗೊರೆ ಗೋಲು ಕೊಟ್ಟ ಕೊಲಂಬಿಯಾದ ಡಿಫೆಂಡರ್ ಆಂದ್ರೆಸ್ ಎಸ್ಕೊಬಾರ್ ಅವರನ್ನು ಹತ್ತು ದಿನಗಳ ನಂತರ ಮೆಡೆಯಿನ್ ನಗರದಲ್ಲಿ ಗುಂಡಿಟ್ಟು ಕೊಂದರು. ಮನವಿಯಲ್ಲಿ ಒಬ್ಬ ಆಟಗಾರನ ಹೆಸರು ಬರೆಯುವ ಮುನ್ನ ಇದನ್ನೂ ಓದಿಕೊಳ್ಳಲಿ.

*ಎಲ್ಲರೂ ಇಷ್ಟು ಗಂಭೀರವಾಗಿಲ್ಲ. ಮುಂದಿನ ಪತ್ರದ ಕೊನೆಯ ಸಲಹೆಯನ್ನು ನಾವು ಒಪ್ಪಲಾರೆವು, ಆದರೆ ಮೊದಲ ವಾಕ್ಯವನ್ನು ಬಿಡಲೂ ಆಗಲಿಲ್ಲ.*

ಎದುರಾಳಿ ತಂಡದ ಕಡೆಯವರು

ನಿಮ್ಮ ಅಷ್ಟುದ್ದದ ಪತ್ರದಲ್ಲಿ ಎದುರಾಳಿಗಳ ಪ್ರಸ್ತಾಪ ಒಮ್ಮೆಯೂ ಇಲ್ಲ. ಆ ಗೋಲುಗಳನ್ನು ಯಾರೋ ಬೆವರು ಸುರಿಸಿ ಹೊಡೆದಿದ್ದಾರೆ, ಸ್ವಾಮಿ. ನೋಡಲಾಗದಿದ್ದರೆ ಟಿ.ವಿ. ಆರಿಸಿ, ಪತ್ರ ಬರೆಯಬೇಡಿ.

*ಸಹಿ ಹಾಕಬೇಕು ಎಂದವರ ಸಂಖ್ಯೆಯೇ ದೊಡ್ಡದು. ಅವರ ವಾದವನ್ನು ಅತ್ಯಂತ ಚೆನ್ನಾಗಿ ಮಂಡಿಸಿದ ಪತ್ರ ಇದು. ಇದರಲ್ಲಿಯೂ ಬೈಗುಳವಿಲ್ಲ ಎಂಬುದನ್ನು ಗಮನಿಸಬೇಕು.*

ಈಗಾಗಲೇ ಸಹಿ ಹಾಕಿದ ಓದುಗರು

ತಾಳ್ಮೆಯ ಪಾಠ ಹೇಳುವವರೆಲ್ಲ ಒಂದೇ ಉದಾಹರಣೆ ಕೊಡುತ್ತಾರೆ. ಅಲೆಕ್ಸ್ ಫರ್ಗುಸನ್ 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಕೋಚ್ ಆಗಿ ಬಂದರು, ಮೊದಲ ಟ್ರೋಫಿ ಬಂದದ್ದು 1990ರಲ್ಲಿ, ಆದ್ದರಿಂದ ಕಾಯಿರಿ ಎಂದು. ಕಾದು ಕಾದು ಕೆಳಗಿನ ಡಿವಿಷನ್‌ಗೆ ಇಳಿದ ತಂಡಗಳ ಕಥೆಯನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ಟ್ರೋಫಿ ಇಲ್ಲ. 2021ರ ಜನವರಿಯಲ್ಲಿ ಚೆಲ್ಸಿ ತಂಡ ಫ್ರಾಂಕ್ ಲ್ಯಾಂಪಾರ್ಡ್ ಅವರನ್ನು ಕೈಬಿಟ್ಟು ಥಾಮಸ್ ಟುಕೆಲ್ ಅವರನ್ನು ಕರೆತಂದಾಗ ಆಟಗಾರರು ಬಹುತೇಕ ಅವರೇ ಇದ್ದರು. ಟುಕೆಲ್ ಹಿಂಬದಿಯಲ್ಲಿ ಮೂವರು ಸೆಂಟರ್ ಬ್ಯಾಕ್‌ಗಳನ್ನು ನಿಲ್ಲಿಸಿದರು, ಗೋಲು ಬಿಡುವುದು ಕಡಿಮೆಯಾಯಿತು, ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1–0ಯಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದರು. ಅದೇ ಆಟಗಾರರಿಂದ ಇನ್ನೊಬ್ಬರು ಬೇರೆ ಫಲ ಪಡೆಯಬಲ್ಲರು ಎಂದಾದರೆ ದೋಷ ಯಾರದು? ನಾನು ಸಹಿ ಹಾಕಿರುವುದು ಇಷ್ಟಕ್ಕೇ. ಡಿಫೆಂಡರ್ ಕುರಿತ ಎರಡನೆಯ ಬೇಡಿಕೆ ನನಗೂ ಹಿಡಿಸಲಿಲ್ಲ, ಆದರೆ ಹಾಳೆ ಒಂದೇ ಆಗಿತ್ತು.

*ಹಾಳೆ ಒಂದೇ ಆಗಿರುವುದೇ ತೊಡಕೆಂದು ನಮಗೂ ತೋರುತ್ತದೆ. ಕಿರಿಯರಿಗೆ ತರಬೇತಿ ನೀಡುವ ಒಬ್ಬರು ಕೊನೆಯ ಕಾಲು ಗಂಟೆಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಹಾಗೆ ಮಾಡಿದವರು ಅವರೊಬ್ಬರೇ.*

ಕಿರಿಯರ ತಂಡದ ಕೋಚ್

ಕೊನೆಯ ಹದಿನೈದು ನಿಮಿಷದಲ್ಲಿಯೇ ಏಕೆ ಎಂಬ ಪ್ರಶ್ನೆಗೆ ‘ಮನೋಬಲ ಇಲ್ಲ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ನನಗೆ ಆ ಉತ್ತರದಲ್ಲಿ ನಂಬಿಕೆಯಿಲ್ಲ. 2020ರಲ್ಲಿ ತಾತ್ಕಾಲಿಕವಾಗಿ ಬಂದು 2022ರಲ್ಲಿ ನಿಯಮಾವಳಿಯಲ್ಲಿ ನೆಲೆಯಾದ ಐದು ಬದಲಿ ಆಟಗಾರರ ಅವಕಾಶವನ್ನು ಕೋಚ್‌ಗಳು ಸಾಮಾನ್ಯವಾಗಿ ಫಾರ್ವರ್ಡ್‌ ಮತ್ತು ಮಿಡ್‌ಫೀಲ್ಡರ್‌ಗಳಿಗೆ ಬಳಸುತ್ತಾರೆ, ಸೆಂಟರ್ ಬ್ಯಾಕ್‌ಗಳನ್ನು ಗಾಯವಾಗದ ಹೊರತು ಮುಟ್ಟುವುದಿಲ್ಲ. ಹೀಗಾಗಿ ಎಪ್ಪತ್ತೈದನೇ ನಿಮಿಷದ ಹೊತ್ತಿಗೆ ದಣಿದ ಇಬ್ಬರು ಡಿಫೆಂಡರ್‌ಗಳ ಎದುರು ಆಗಷ್ಟೇ ಮೈದಾನಕ್ಕಿಳಿದ ಸ್ಟ್ರೈಕರ್ ನಿಂತಿರುತ್ತಾನೆ. ಆ ಹೊತ್ತಿಗೆ ಸಾಲನ್ನು ಹತ್ತು ಮೀಟರ್ ಹಿಂದಕ್ಕೆ ತರುವುದನ್ನು ಶೈಲಿಯ ತ್ಯಾಗವೆಂದು ಕರೆಯುವವರಿಗೆ ಏನು ಹೇಳಬೇಕೋ ತಿಳಿಯದು. ನಾನಾಗಿದ್ದರೆ ತರುತ್ತಿದ್ದೆ.

ಆದರೆ ಹಿಂದಿನಿಂದಲೇ ಸಣ್ಣ ಪಾಸ್‌ಗಳಲ್ಲಿ ಆಟ ಕಟ್ಟುವ ಹಟಕ್ಕೆ ಕೋಚ್‌ ಒಬ್ಬರನ್ನೇ ದೂರಬಾರದು. 1992ರಲ್ಲಿ, ಜೊತೆಗಾರ ಕಾಲಿನಿಂದ ಬೇಕೆಂದೇ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಬಂತು, ಅಂದಿನಿಂದ ಕೀಪರ್‌ಗೂ ಕಾಲಾಟ ಬರಲೇಬೇಕಾಯಿತು. 2019ರಲ್ಲಿ ಗೋಲ್ ಕಿಕ್ (ಗೋಲಿನ ಮುಂದಿನಿಂದ ಆಟವನ್ನು ಮತ್ತೆ ಆರಂಭಿಸುವ ಒದೆತ) ಪೆನಾಲ್ಟಿ ಆವರಣದಿಂದ ಹೊರಬೀಳಬೇಕೆಂಬ ಷರತ್ತು ಹೋಯಿತು, ಡಿಫೆಂಡರ್‌ಗಳು ಕೀಪರ್ ಪಕ್ಕದಲ್ಲೇ ನಿಂತು ಪಾಸ್ ಪಡೆಯತೊಡಗಿದರು. ನನ್ನ ಬಳಿ ಬರುವ ಮಕ್ಕಳು ಬೇರೆ ರೀತಿಯ ಆಟವನ್ನು ನೋಡಿಯೇ ಇಲ್ಲ. ಚೆಂಡನ್ನು ದೂರಕ್ಕೆ ಒದೆಯಿರಿ ಎಂದರೆ ಶಿಕ್ಷೆ ಕೊಟ್ಟಂತೆ ಮುಖ ಮಾಡುತ್ತಾರೆ. ಮನವಿ ಬರೆಯುವುದಾದರೆ ‘ಮುನ್ನಡೆಯಲ್ಲಿರುವಾಗ ಕೊನೆಯ ಹಂತದಲ್ಲಿ ನಿಮ್ಮ ಯೋಜನೆ ಏನು?’ ಎಂಬ ಒಂದೇ ಪ್ರಶ್ನೆಯನ್ನು ಕೇಳಿ. ಅದಕ್ಕೆ ‘ನಮ್ಮ ಶೈಲಿ’ ಎಂಬುದು ಉತ್ತರವಾಗಲಾರದು, ಅವರಿಗೂ ಅದು ಗೊತ್ತಾಗುತ್ತದೆ.

*ಕೇಳದ ಪ್ರಶ್ನೆಗೆ ಉತ್ತರಿಸಿದ ಪತ್ರಗಳೂ ಸಾಕಷ್ಟಿವೆ. ಎರಡನ್ನು ಆಯ್ದುಕೊಂಡಿದ್ದೇವೆ.*

ಕಾರ್ನರ್ ಕಿಕ್ ಅಭ್ಯಾಸಿ

ಪತ್ರದಲ್ಲಿ ಕಾರ್ನರ್‌ಗಳ ಉಲ್ಲೇಖವೇ ಇಲ್ಲದಿರುವುದು ಆಶ್ಚರ್ಯ. 2004ರ ಯುರೋ ಕಪ್‌ನಲ್ಲಿ ಒಟ್ಟೊ ರೆಹಾಗೆಲ್ ತರಬೇತಿಯ ಗ್ರೀಸ್ ತಂಡವು ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ 1–0ಯಿಂದ ಗೆದ್ದಿತು, ಕೊನೆಯ ಎರಡು ಗೋಲುಗಳೂ ಕಾರ್ನರ್‌ನಿಂದ ಬಂದವು. ತಮ್ಮ ತಂಡ ಕಾರ್ನರ್‌ನಲ್ಲಿ ಜಾಗ ಕಾಯುತ್ತದೆಯೋ, ಎದುರಾಳಿಯ ಒಬ್ಬೊಬ್ಬ ಆಳನ್ನು ಕಾಯುತ್ತದೆಯೋ ಎಂಬುದನ್ನು ಲೇಖಕರು ಮೊದಲು ತಿಳಿಸಬೇಕು. ಜಾಗ ಕಾಯುವುದಾದರೆ ಹತ್ತಿರದ ಕಂಬದ ಬಳಿ ಯಾರನ್ನು ನಿಲ್ಲಿಸುತ್ತಾರೆ ಎಂಬುದನ್ನೂ ತಿಳಿಸಬೇಕು. ಅದು ತಿಳಿಯುವವರೆಗೆ ಕೋಚ್ ಬಗ್ಗೆ ಅಭಿಪ್ರಾಯ ಹೇಳುವುದು ಸಾಧ್ಯವಿಲ್ಲ.

ಇನ್ನೊಬ್ಬ ಅಭಿಮಾನಿಯ ಪತ್ನಿ

ನನಗೆ ಆಫ್‌ಸೈಡ್ ಇನ್ನೂ ಪೂರ್ತಿ ಅರ್ಥವಾಗಿಲ್ಲ, ಅರ್ಥವಾಗಬೇಕೆಂಬ ಆಸೆಯೂ ಇಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು, ಸೋತ ರಾತ್ರಿ ಮನೆಯವರೊಂದಿಗೆ ಮಾತು ಬಿಡುತ್ತೀರಿ ಎಂಬ ಒಂದು ಸಾಲು. ನಮ್ಮ ಯಜಮಾನರೂ ಹಾಗೆಯೇ. ಮಗ ಮೊದಲು ಫೋನಿನಲ್ಲಿ ಸ್ಕೋರ್ ನೋಡಿಕೊಂಡು, ಆಮೇಲೆ ಅಪ್ಪನನ್ನು ಪ್ರಗತಿ ಪತ್ರಕ್ಕೆ ಸಹಿ ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ. ನೀವು ಮನವಿಗೆ ಸಹಿ ಹಾಕುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು. ಆ ಹನ್ನೊಂದು ಜನರಿಗೆ ನಿಮ್ಮ ಮನೆಯವರ ಹೆಸರೂ ಗೊತ್ತಿಲ್ಲ ಎಂಬುದನ್ನು ಮಾತ್ರ ಒಮ್ಮೆ ಯೋಚಿಸಿ.

*ಇದಕ್ಕೆ ‘ಬೇಸತ್ತ ಅಭಿಮಾನಿ’ಯವರ ಮನೆಯಿಂದ ಪ್ರತಿಕ್ರಿಯೆ ಬಂದರೆ ಸ್ಥಳ ಕಾದಿರಿಸುತ್ತೇವೆ. ಮನವಿಯ ಪೂರ್ಣಪಾಠವನ್ನು ಪ್ರಕಟಿಸಬೇಕೆಂದು ಹಲವರು ಕೋರಿದ್ದಾರೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು, ಅದರಲ್ಲಿ ಆಟಗಾರನ ಹೆಸರಿದೆ. ಕೋಚ್‌ ಅವರಿಗೆ ಕೇಳುವ ಪ್ರಶ್ನೆಯಷ್ಟನ್ನೇ ಬೇರೆ ಹಾಳೆಯಲ್ಲಿ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸೇರಿಸುತ್ತೇವೆ.*