ಸಹಾಯ ಬೇಕು: ಎನ್‌ಎಫ್‌ಎಲ್ ಪ್ಲೇಆಫ್ ಪಂದ್ಯಗಳ ಗೆಲುವನ್ನು ಅಂದಾಜು ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್ ಅನ್ನು ಆಸ್ಥೆಯಿಂದ ನೋಡುವವರು ಇಲ್ಲಿದ್ದರೆ ದಯವಿಟ್ಟು ನೆರವಾಗಿ. ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಪ್ರತಿ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತದ) ಪಂದ್ಯದಲ್ಲಿ ಯಾವ ತಂಡಕ್ಕೆ ಶೇಕಡಾ ಎಷ್ಟು ಗೆಲುವಿನ ಸಾಧ್ಯತೆ ಇದೆ ಎಂದು ತಿಳಿಸುವ ಲೆಕ್ಕವೊಂದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಕಟ್ಟುತ್ತಿದ್ದೇನೆ. ಬಾಜಿಗಾಗಿ ಅಲ್ಲ, ಆಟವನ್ನು ಒಳಗಿನಿಂದ ಅರಿಯುವ ಹಂಬಲಕ್ಕಾಗಿ.

ಚೆಸ್‌ನಿಂದ ಬಂದ ಈಲೋ ರೇಟಿಂಗ್ (ಗೆಲುವು-ಸೋಲಿಗೆ ತಕ್ಕಂತೆ ಏರಿಳಿಯುವ ಬಲದ ಅಂಕ) ಬಳಸಿ, ತವರಿನಲ್ಲಿ ಆಡುವ ತಂಡಕ್ಕೆ ಸ್ವಲ್ಪ ಹೆಚ್ಚುವರಿ ಅಂಕ ಕೊಡುತ್ತೇನೆ. ಫೈನಲ್ ಪಂದ್ಯವಾದ ಸೂಪರ್ ಬೌಲ್‌ನ ಮೈದಾನ ಬಹಳ ಮೊದಲೇ ನಿಗದಿಯಾಗುವುದರಿಂದ ಅಲ್ಲಿ ಮಾತ್ರ ಕೊಡುವುದಿಲ್ಲ.

ತೊಡಕು ಇರುವುದು ವಿಶ್ರಾಂತಿಯ ವಾರದಲ್ಲಿ. 2020ರ ಋತುವಿನಿಂದ ಪ್ರತಿ ಕಾನ್ಫರೆನ್ಸ್‌ನ (ಲೀಗ್‌ನ ಎರಡು ಗುಂಪುಗಳಲ್ಲಿ ಒಂದು) ಮೊದಲ ಶ್ರೇಯಾಂಕದ ತಂಡಕ್ಕಷ್ಟೇ ಮೊದಲ ಸುತ್ತಿನ ಬಿಡುವು ಸಿಗುತ್ತಿದೆ. ಆ ತಂಡ ಮುಂದೆ ಗೆದ್ದರೆ ಅದು ವಿಶ್ರಾಂತಿಯ ಫಲವೋ, ತಂಡದ ಬಲವೋ? ಇವೆರಡನ್ನು ಬೇರ್ಪಡಿಸುವ ದಾರಿ ನನಗೆ ಕಾಣುತ್ತಿಲ್ಲ.

ಇನ್ನೊಂದು, ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿಯನ್ನು ಮುನ್ನಡೆಸುವ ಆಟಗಾರ) ಗಾಯಗೊಂಡರೆ ರೇಟಿಂಗ್ ಎಷ್ಟು ಇಳಿಸಬೇಕು? 2017ರ ಋತುವಿನಲ್ಲಿ ಕಾರ್ಸನ್ ವೆಂಟ್ಜ್ ಡಿಸೆಂಬರ್‌ನಲ್ಲಿ ಹೊರಬಿದ್ದಾಗ ಫಿಲಡೆಲ್ಫಿಯಾ ಈಗಲ್ಸ್ ಕಥೆ ಮುಗಿಯಿತೆಂದೇ ಹಲವರು ಭಾವಿಸಿದ್ದರು. ಬದಲಿ ಆಟಗಾರ ನಿಕ್ ಫೋಲ್ಸ್ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ ತಂಡವನ್ನು 41-33ರಿಂದ ಗೆಲ್ಲಿಸಿದರು! 2010ರ ಋತುವಿನಲ್ಲೂ ಹಾಗೆಯೇ: 7 ಗೆದ್ದು 9 ಸೋತಿದ್ದ ಸಿಯಾಟಲ್ ಸೀಹಾಕ್ಸ್, ಹಿಂದಿನ ಚಾಂಪಿಯನ್ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡವನ್ನು ತವರಿನಲ್ಲಿ 41-36ರಿಂದ ಮಣಿಸಿತು. ಇಂಥ ಫಲಿತಾಂಶಗಳನ್ನು ಯಾವ ಲೆಕ್ಕವೂ ಮೊದಲೇ ಹೇಳಲಾರದು, ಒಪ್ಪುತ್ತೇನೆ. ಆದರೂ ದುರ್ಬಲ ತಂಡಕ್ಕೆ ಕೊಡುವ ಶೇಕಡಾವಾರು ನ್ಯಾಯವಾಗಿರಬೇಕು.

ಪ್ಲೇಆಫ್‌ಗೆ ಮುಂಚಿನ ಕೊನೆಯ ವಾರ ಮುಖ್ಯ ಆಟಗಾರರನ್ನು ಹೊರಗೆ ಕೂರಿಸಿ ಆಡಿದ ಪಂದ್ಯಗಳನ್ನು ನೀವು ಲೆಕ್ಕದಿಂದ ಬಿಡುತ್ತೀರಾ? ಅನುಭವವಿರುವವರು ವಿವರವಾಗಿ ಬರೆಯಿರಿ. ನನ್ನ ಸ್ಪ್ರೆಡ್‌ಶೀಟ್ ಬೇಕೆಂದವರಿಗೆ ಸಂತೋಷದಿಂದ ಕಳುಹಿಸುತ್ತೇನೆ.