ಅಫೀಮು ಜಾತಿಯ ನೋವಿನ ಮಾತ್ರೆ ಟಪೆಂಟಡಾಲ್ ಬಿಟ್ಟ ತಮ್ಮನಿಗೆ ಹಲ್ಲು, ಹೊಟ್ಟೆ, ನಿದ್ರೆ ಎಲ್ಲಾ ತೊಂದರೆ. ನಿಮ್ಮ ಮನೆಗಳಲ್ಲಿ ಹೇಗಾಯಿತು?

ನಂಜನಗೂಡಿನ ಅಕ್ಕ:
ತಮ್ಮನಿಗೆ 26 ವರ್ಷ. ಟಪೆಂಟಡಾಲ್ ಮಾತ್ರೆ ಪುಡಿ ಮಾಡಿ ಇಂಜೆಕ್ಷನ್ ಹಾಕಿಕೊಳ್ಳುತ್ತಿದ್ದ. ಈಗ ಮೈಸೂರಿನಲ್ಲಿ ತೋರಿಸುತ್ತಿದ್ದೇವೆ. ಚಟ ಬಿಡಿಸೋದಕ್ಕೆ ನಾಲಿಗೆ ಕೆಳಗಿಡುವ ಬ್ಯೂಪ್ರೆನಾರ್ಫಿನ್-ನಾಲೋಕ್ಸೋನ್ ಮಾತ್ರೆ ಕೊಟ್ಟಿದ್ದಾರೆ. ಚಟದ ಮಟ್ಟಿಗೆ ಪರವಾಗಿಲ್ಲ. ಆದರೆ ಹಲ್ಲುನೋವು, ಮಲಬದ್ಧತೆ, ರಾತ್ರಿಯೆಲ್ಲ ಎಚ್ಚರ. ಯಾರ ಜೊತೆಯೂ ಮಾತಿಲ್ಲ. ಮನೆಯವರು "ಬಿಟ್ಟಾಯಿತಲ್ಲ, ಇನ್ನೇನು" ಅನ್ನುತ್ತಾರೆ. ನೀವು ಏನೇನು ತೋರಿಸಿದಿರಿ, ಎಷ್ಟು ಖರ್ಚಾಯಿತು, ದಯವಿಟ್ಟು ಹೇಳಿ.

ಮದ್ದೂರಿನ ತಾಯಿ:
ಹಲ್ಲಿನ ಮಾತೆತ್ತಿದಿರಿ, ನನ್ನ ಹೊಟ್ಟೆ ಉರಿಯುತ್ತದೆ ಕಣಮ್ಮ. ಮಗನ ಕೆಳದವಡೆಯ ಎರಡು ಹಲ್ಲು ಬುಡದಿಂದಲೇ ಹುಳುಕಾಗಿದ್ದವು. ರೂಟ್ ಕೆನಾಲ್ ಒಂದಕ್ಕೆ 4,500. ಕ್ಯಾಪ್ ಒಂದಕ್ಕೆ 5,500. ಎಕ್ಸ್‌ರೇ 300. ಆಮೇಲೆ ಒಂದು ಕ್ಯಾಪ್ ಊಟ ಮಾಡುವಾಗ ತಟ್ಟೆಗೆ ಟಣ್ ಅಂತ ಬಿತ್ತು. ತೊಳೆದು, ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋದರೆ, ಅದನ್ನು ಅಂಟಿಸೋದಕ್ಕೆ ಮತ್ತೆ 800 ತೆಗೆದುಕೊಂಡರು! ಬಾಯಲ್ಲಿ ಕರಗುವ ಈ ಮಾತ್ರೆಯಿಂದ ಹಲ್ಲು ಹಾಳಾಗಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಜನವರಿಯಲ್ಲೇ ಎಚ್ಚರಿಸಿದೆ. ನಮಗೆ ಒಬ್ಬರೂ ಹೇಳಲಿಲ್ಲ. ಮಾತ್ರೆ ಪೂರ್ತಿ ಕರಗಿದ ಮೇಲೆ ಬಾಯಲ್ಲಿ ನೀರು ಆಡಿಸಿ ನುಂಗಬೇಕು. ಒಂದು ಗಂಟೆಯಾದರೂ ಬ್ರಷ್ ಮಾಡಬಾರದು. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಹಲ್ಲು ಕಟ್ಟಿಸಬಹುದು, ಮಗನನ್ನು ಎಲ್ಲಿಂದ ತರೋದು?

ಪಾಂಡವಪುರದ ಅಣ್ಣ:
ಇದೆಲ್ಲ ಆ ಮಾತ್ರೆ ಕೊಟ್ಟ ಫಲ. ನನ್ನ ತಮ್ಮ ಒಂದು ಮಾತ್ರೆಯೂ ಇಲ್ಲದೆ ಬಿಟ್ಟ. ಖಾಸಗಿ ಕೇಂದ್ರಕ್ಕೆ ಸೇರಿಸಿದ್ದೆವು. ಸೇರುವಾಗ 10,000, ತಿಂಗಳಿಗೆ 18,000, ಬಟ್ಟೆ ಒಗೆಯೋದಕ್ಕೆ 600 ಬೇರೆ. ಎರಡು ಸೀಮೆಹಸು ಮಾರಿದೆವು. ಮೊದಲ ವಾರ ಭೇದಿ, ವಾಂತಿ, ಮೈಕೈ ನೋವು ಅಂತ ಒದ್ದಾಡಿದನಂತೆ. ಸಹಿಸಿಕೊಂಡ. ಈಗ ಅವನೇ ಮುಂದೆ ನಿಂತು ಕಬ್ಬು ಕಡಿಸುತ್ತಾನೆ. ಒಂದು ಚಟ ಬಿಡಿಸೋದಕ್ಕೆ ಇನ್ನೊಂದು ಹಿಡಿಸಿದರೆ ಅದು ಬಿಟ್ಟಂತೆ ಹೇಗಾಗುತ್ತದೆ?

ಹೆಬ್ಬಾಳದ ಫಿಟ್ಟರ್:
ಸ್ವಾಮಿ, ಆ ಮಾತ್ರೆ ತಗೊಂಡೇ ನಾನು ವರ್ಷಗಳಿಂದ ಶಿಫ್ಟಿಗೆ ಹೋಗುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ನಿಮ್ಮಂಥವರ ಮಾತು ಕೇಳಿ ನನ್ನ ಗೆಳೆಯನನ್ನೂ ಹಾಗೇ ಬಿಡಿಸಿದರು. ಹೊರಗೆ ಬಂದಾಗ ಮೈಗೆ ಅಭ್ಯಾಸ ತಪ್ಪಿತ್ತು. ಹಳೇ ಅಳತೆಯನ್ನೇ ಹಾಕಿಕೊಂಡ. ಉಸಿರು ನಿಂತು ಹೋಯಿತು. ಅವನ ತಿಥಿ ಊಟ ಮಾಡಿ ಬಂದವನು ನಾನು. ಚಟ ಅಂದರೆ ಡೋಸಿಗಾಗಿ ಮನೆ ಬೀರು ಒಡೆಯೋದು. ನಾನು ಸಂಬಳ ತಂದು ಅಮ್ಮನ ಕೈಗೆ ಕೊಡುತ್ತೇನೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಈ ಮಾತ್ರೆಯಿಂದ ಗಂಡಸರಿಗೆ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನು ಕಡಿಮೆಯಾಗಬಹುದು. ಸದಾ ಸುಸ್ತು, ಹೆಂಡತಿ ಹತ್ತಿರ ಹೋಗೋದಕ್ಕೂ ಮನಸ್ಸಿಲ್ಲ. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿದೆ. ರಕ್ತ ಪರೀಕ್ಷೆಗೆ 900. ಅದಕ್ಕೂ ಚಿಕಿತ್ಸೆ ಇದೆ.

ಪಾಂಡವಪುರದ ಅಣ್ಣ:
ನಿಮ್ಮ ಗೆಳೆಯ ಹೋಗಿದ್ದಕ್ಕೆ ನನ್ನ ತಮ್ಮನ ಹೆಸರು ಯಾಕೆ ಎಳೆಯುತ್ತೀರಿ? ನಮ್ಮ ಕಷ್ಟ ನಮಗೆ ಗೊತ್ತು.

ಗುತ್ತಲಿನ ಗೃಹಿಣಿ:
ಜಗಳ ಬಿಡಿ. ಮಲಬದ್ಧತೆಗೆ ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ರಾತ್ರಿ ನೆನೆಸಿದ ಒಣದ್ರಾಕ್ಷಿ. ನಮ್ಮ ಮೈದುನ ಇದರಲ್ಲೇ ಸರಿ ಹೋದ.

ಹೆಬ್ಬಾಳದ ಫಿಟ್ಟರ್:
ಮುದ್ದೆ ನಾನೂ ದಿನಾ ತಿನ್ನುತ್ತೇನೆ ಅಕ್ಕ. ಈ ಔಷಧಿ ಕರುಳಿನ ಓಟವನ್ನೇ ನಿಧಾನ ಮಾಡುತ್ತದೆ. ನೀರು ಕುಡಿಯದೆ ನಾರು ತುಂಬಿದರೆ ಇನ್ನೂ ಬಿಗಿಯುತ್ತದೆ. ನನಗೆ ಮಲ ಸಡಿಲ ಮಾಡುವ ಲ್ಯಾಕ್ಟುಲೋಸ್ ಸಿರಪ್ ಬರೆದ ಮೇಲೆಯೇ ಸಲೀಸಾಯಿತು.

ವಿಜಯನಗರದ ಟೀಚರ್:
ನಮ್ಮವರದು ನಾಲ್ಟ್ರೆಕ್ಸೋನ್, ಅಫೀಮು ಜಾತಿಯ ಔಷಧಿ ಮೈಗೆ ಹತ್ತದಂತೆ ತಡೆಯುವ ಮಾತ್ರೆ. ಪೂರ್ತಿ ಬಿಟ್ಟು ವಾರ, ಹತ್ತು ದಿನ ಕಳೆದ ಮೇಲೆಯೇ ಶುರು ಮಾಡುತ್ತಾರೆ. ಮಾತ್ರೆ ಚೆನ್ನಾಗಿಯೇ ಹಿಡಿಯಿತು. ಆದರೆ ರಿಂಗ್ ರೋಡಿನಲ್ಲಿ ಸ್ಕೂಟರ್ ಬಿದ್ದು ಕಾಲು ಮುರಿಯಿತು. ನೋವು ತಗ್ಗಿಸೋದಕ್ಕೆ ಸಾಮಾನ್ಯವಾಗಿ ಕೊಡುವ ಅಫೀಮು ಜಾತಿಯ ಜೋರು ಇಂಜೆಕ್ಷನ್ ಇವರಿಗೆ ನಾಟಲೇ ಇಲ್ಲ. ಡ್ಯೂಟಿ ಡಾಕ್ಟರು "ನಾಟಕ" ಅಂದರು! ನಾನು ಚೀಟಿ ತೋರಿಸಿ ಕೂಗಾಡಿದ ಮೇಲೆ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಅದಕ್ಕೇ ಬೇರೆ 6,000 ಬಿಲ್. ಯಾವ ಮಾತ್ರೆ ತಗೊಳ್ಳುತ್ತಾರೆ ಅಂತ ಒಂದು ಕಾರ್ಡು ಪರ್ಸಿನಲ್ಲಿ ಇರಲೇಬೇಕು.

ಮನಸ್ಸಿನದು ಬೇರೆಯೇ ಲೆಕ್ಕ. ಕಾಲು ಮುರಿದು ಮಲಗಿದ್ದಾಗ "ನಾನಿದ್ದು ಏನುಪಯೋಗ" ಅಂದರು ಒಂದು ರಾತ್ರಿ. ಆಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಿದರು. ಮಾರನೇ ದಿನ ಮನೋವೈದ್ಯರ ಹತ್ತಿರ ಹೋದೆವು. ಖಿನ್ನತೆಗೆ ಔಷಧಿ ಬೇರೆ ಶುರುವಾಯಿತು. ನಿಮ್ಮ ತಮ್ಮ ಮಾತು ಬಿಟ್ಟಿದ್ದಾನೆ ಅಂದಿರಿ ಅಲ್ವಾ, ಸುಮ್ನೆ ಬಿಡಬೇಡಿ.

ಮದ್ದೂರಿನ ತಾಯಿ:
ನಿದ್ರೆಗೆ ಅಂತ ಮೆಡಿಕಲ್ ಶಾಪಿನವನು ಆಲ್ಪ್ರಜೋಲಂ ಸ್ಟ್ರಿಪ್ ಕೊಡೋದಕ್ಕೆ ಬಂದಿದ್ದ. ಅಲ್ಲೇ ವಾಪಸ್ ಕೊಟ್ಟೆ. ಬ್ಯೂಪ್ರೆನಾರ್ಫಿನ್ ಜೊತೆ ಅದು ಸೇರಿದರೆ ಉಸಿರಾಟಕ್ಕೇ ಕುತ್ತು. ಡಾಕ್ಟರನ್ನು ಕೇಳದೆ ಕೊಡಲೇಬೇಡಿ.

ಶ್ರೀರಂಗಪಟ್ಟಣದ ಸೊಸೆ:
ಸೂಜಿ ಅಂದಿರಿ, ರಕ್ತದ ಮಾತು ಒಬ್ಬರೂ ಎತ್ತಲಿಲ್ಲ. ಎಚ್‌ಐವಿ, ಲಿವರಿಗೆ ಬರುವ ಹೆಪಟೈಟಿಸ್ ಬಿ, ಸಿ ಮೂರೂ ಪರೀಕ್ಷೆ ಮಾಡಿಸಿ. ನನ್ನ ಗಂಡನಿಗೆ ಸಿ ಪಾಸಿಟಿವ್ ಬಂತು. ಮೊದಲನೇ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ವೈರಸ್ ಈಗಲೂ ಇದೆ ಅಂತಲ್ಲ. ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ ಆಗಬೇಕು. ಅದಕ್ಕೆ ಖಾಸಗಿ ಲ್ಯಾಬಿಗೆ 4,200, ಲಿವರ್ ಸ್ಕ್ಯಾನಿಗೆ 3,000 ಕೊಟ್ಟೆವು. ಆಮೇಲೆ ಗೊತ್ತಾಯಿತು, ಸರ್ಕಾರದ ಕಾರ್ಯಕ್ರಮದಲ್ಲಿ 2018ರಿಂದ ಪರೀಕ್ಷೆ, ಮಾತ್ರೆ ಎರಡೂ ಉಚಿತ. 12 ವಾರ ಮಾತ್ರೆ ನುಂಗಿದರು, ವಾಸಿಯಾಯಿತು. ಮತ್ತೆ ಸೂಜಿ ಹಂಚಿಕೊಂಡರೆ ಮತ್ತೆ ಬರುತ್ತದೆ, ನೆನಪಿರಲಿ. ಅಷ್ಟು ದಿನವೂ ಅತ್ತೆ ಇವರ ತಟ್ಟೆ ಲೋಟ ಹಿತ್ತಲ ಕಟ್ಟೆ ಮೇಲೆ ಬೇರೆ ಇಡುತ್ತಿದ್ದರು. ಅದನ್ನು ನಾನು ಸಾಯೋವರೆಗೂ ಮರೆಯುವುದಿಲ್ಲ.

ಪಾಂಡವಪುರದ ಅಣ್ಣ:
ಹಿರಿಯರು ಹೆದರೋದು ಸಹಜ ಅಲ್ವಾ ತಾಯಿ. ಮನೆಯಲ್ಲಿ ಮಕ್ಕಳಿದ್ದರೆ ಜಾಗ್ರತೆ ತಪ್ಪೇ?

ಶ್ರೀರಂಗಪಟ್ಟಣದ ಸೊಸೆ:
ಜೊತೆಯಲ್ಲಿ ಊಟ ಮಾಡಿದರೆ ಅದು ಅಂಟುವುದಿಲ್ಲ ಅಣ್ಣಾ. ಅಂಟೋದು ರಕ್ತದಿಂದ. ಶೇವಿಂಗ್ ಬ್ಲೇಡು, ಹಲ್ಲಿನ ಬ್ರಷ್ಷು ಬೇರೆ ಇಡಿ, ಅದು ಜಾಗ್ರತೆ. ನಿಮ್ಮ ತಮ್ಮನಿಗೆ ಈ ಪರೀಕ್ಷೆ ಮಾಡಿಸಿದ್ದೀರಾ? 18,000 ತೆಗೆದುಕೊಂಡ ಕೇಂದ್ರದವರು ಮಾಡಿದರಾ?

ಪಾಂಡವಪುರದ ಅಣ್ಣ:
ಮಾಡಿಲ್ಲ. ಮಂಡ್ಯದಲ್ಲಿ ಎಲ್ಲಿ ಮಾಡುತ್ತಾರೆ?

ಶ್ರೀರಂಗಪಟ್ಟಣದ ಸೊಸೆ:
ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್ ಆಸ್ಪತ್ರೆಗೆ ಹೋಗಿ ಹೆಪಟೈಟಿಸ್ ಪರೀಕ್ಷೆ ಎಲ್ಲಿ ಅಂತ ಕೇಳಿ. ಆಧಾರ್ ಇಟ್ಟುಕೊಂಡಿರಿ. ಬಿ ನೆಗೆಟಿವ್ ಬಂದರೆ ಲಸಿಕೆ ಕೇಳಿ ಹಾಕಿಸಿ, ಮೂರು ಡೋಸ್, ಆರು ತಿಂಗಳಲ್ಲಿ ಮುಗಿಯುತ್ತದೆ.